ಅತ್ತೆ ಗೀರಿದ ಕಡ್ಡಿ

ಶಿವರಾತ್ರಿ ಕಳೆದು ಬಿಳಿಜೋಳದ ರಾಶಿ ಮುಗಿದರೆ ಊರ ಹಿಂದಿನ ಗುಡ್ಡಕ್ಕೆ ನಾವೇ ಬೆಂಕಿ ಇಡುತ್ತಿದ್ದ ಕಾಲ ಅದು, ಎಪ್ಪತ್ತರ ದಶಕದ ಕೊನೆ. ನಮ್ಮೂರು ಮಾನ್ವಿ ತಾಲೂಕಿನ ಕುರ್ಡಿ ಕಡೆಗಿದೆ. ಗುಡ್ಡದ ತುಂಬ ಒಣಹುಲ್ಲು, ಬುಡದಲ್ಲಿ ಕಣ, ಕಣದಲ್ಲಿ ಎಲ್ಲರ ಬಣವೆ. ಬೇಸಿಗೆಯಲ್ಲಿ ಎಲ್ಲಿಂದಲೋ ಕಿಡಿ ಬಿದ್ದು ಬೆಂಕಿ ಇಳಿದು ಬಂದರೆ ದನಕ್ಕೆ ಮೇವಿಲ್ಲ. ಅದಕ್ಕೇ ಬುಡದ ಹುಲ್ಲನ್ನು ಪಟ್ಟಿಯಂತೆ ಮೊದಲೇ ಸುಟ್ಟುಬಿಡುವುದು. ಯಾರ ಬಣವೆ ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರವೋ ಅವರೇ ಕಡ್ಡಿ ಗೀರಬೇಕು. ಕಳೆದುಕೊಳ್ಳುವವರು ಗಾಳಿ ನೋಡಿಯೇ ಗೀರುತ್ತಾರೆ ಎಂಬ ಲೆಕ್ಕ.

ಆ ವರ್ಷ ಆ ಬಣವೆ ನನ್ನ ಸೋದರತ್ತೆ ನೀಲಮ್ಮನದು. ಗಂಡ ಇಲ್ಲದಾಕೆ, ಅವಳ ಎರಡು ಎತ್ತು ಮಳೆಗಾಲ ಕಾಣಬೇಕಾದರೆ ಬಣವೆಗೆ ಒಟ್ಟಿದ ಜೋಳದ ಕಣಿಕೆಯೇ ಗತಿ. ಆಕೆಗೆ ಎಲ್ಲರ ಮೇಲೂ ಗುಮಾನಿ, ಕುರಿಗಾರ ಬೀರಪ್ಪನ ಮೇಲೆ ಹೆಚ್ಚು. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆಹುಲ್ಲು ಚಿಗುರುತ್ತದೆ, ಬೆಂಕಿ ಎಷ್ಟು ಹರಡಿದರೂ ಅವನಿಗೆ ಲಾಭವೇ ಎನ್ನುತ್ತಿದ್ದಳು. ಹಿಂದಿನ ವಾರ ಅವನು ಬಣವೆಯ ಸುತ್ತಲಿನ ನೆಲ ಬೋಳಾಗಲೆಂದು ಕುರಿ ಬಿಟ್ಟಿದ್ದ. ಕಣಿಕೆ ಮೇಯಿಸಲು ಬಂದಿದ್ದಾನೆಂದು ಅತ್ತೆ ಓಡಿಸಿದ್ದಳು. ಗುಡ್ಡದ ಕಡೆಯ ಒಂದು ಮೂಲೆಯಲ್ಲಿ ಹುಲ್ಲು ಹಾಗೇ ಉಳಿಯಿತು.

ಸುಡುವ ದಿನ ಬೆಳಿಗ್ಗೆ ಎಲ್ಲರೂ ನೀರಿನ ಕೊಡ, ಉರಿ ಬಡಿಯಲು ಬೇವಿನ ತೊಪ್ಪಲು ಹಿಡಿದು ಸಾಲಾಗಿ ನಿಂತರು. ನಾವು ಹುಡುಗರು ರೊಟ್ಟಿಯಲ್ಲಿ ಸುತ್ತಿದ ಪುಂಡಿಪಲ್ಯ ತಿನ್ನುತ್ತ ಬಂಡೆಯ ಮೇಲಿದ್ದೆವು. ಅತ್ತೆ ಹಿಡಿ ಮಣ್ಣು ತೂರುವಳು, ಗಾಳಿ ನೋಡುವಳು, ಮತ್ತೆ ತೂರುವಳು.

"ಹಚ್ಚ ಬೇ ನೀಲವ್ವ, ಹೊತ್ತು ಏರಾಕತ್ತದ," ಎಂದ ಬೀರಪ್ಪ.

"ನಿನಗ್ಯಾಕಲೇ ಅವಸರ? ನಿನ್ನ ಕುರಿ ಕೇಳಾಕತ್ತಾವೇನು?"

ಸಾಲು ನಕ್ಕಿತು. ಅತ್ತೆ ಕಡ್ಡಿ ಗೀರಿದಳು.

ಬೆಂಕಿ ಸರಿಯಾಗಿಯೇ ಗುಡ್ಡದತ್ತ ಹೊರಟಿತ್ತು. ಅಷ್ಟರಲ್ಲಿ ಬೀರಪ್ಪ ನಿಂತಿದ್ದ ತುದಿಯಲ್ಲಿ ಒಂದು ಉರಿ ಹಿಂದಕ್ಕೆ ಹೊರಳಿ, ಕುರಿ ಮೇಯದೆ ಉಳಿದಿದ್ದ ಆ ಮೂಲೆಯ ಹುಲ್ಲು ಹಿಡಿಯಿತು. ಗಾಳಿ ತಿರುಗಿತೆಂದು ನನ್ನ ನೆನಪು. ಗಾಳಿ ತಿರುಗಲಿಲ್ಲ, ಅವನೇ ಬಡಿಯುವುದನ್ನು ಬಿಟ್ಟ ಎನ್ನುತ್ತಾಳೆ ಬಂಡೆಯ ಮೇಲೆ ನನ್ನ ಪಕ್ಕದಲ್ಲಿದ್ದ ಅಕ್ಕ. ಅವನು ಕತ್ತು ತಿರುಗಿಸಿ ಕುರಿಗಳತ್ತ ನೋಡಿದ್ದು ನನಗೂ ಕಾಣುತ್ತದೆ. ಅದು ನಾನು ಕಂಡದ್ದೋ, ಅತ್ತೆ ವರ್ಷಗಟ್ಟಲೆ ಹೇಳಿ ಕೂರಿಸಿದ್ದೋ? ಸಾಕ್ಷಿ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅಂದಿನಿಂದ ನನ್ನ ಸಾಕ್ಷಿಯನ್ನೇ ಒಪ್ಪಲಾರೆ.

ಸುಟ್ಟ ಉಣ್ಣೆಯ ವಾಸನೆ ಮಾತ್ರ ಸುಳ್ಳಲ್ಲ. ಬೀರಪ್ಪ ಹೆಗಲ ಕಂಬಳಿಗೆ ಒಂದು ಕೊಡ ನೀರು ಸುರಿದು, ಉರಿಯ ಮೇಲೆ ಹಾಸಿ ಅದರ ಮೇಲೆಯೇ ತುಳಿದಾಡಿದ. ಬೆಂಕಿ ಬಣವೆ ಮುಟ್ಟುವ ಮೊದಲೇ ಆರಿತು. ಕಂಬಳಿಯ ನಡುವೆ ತಲೆ ತೂರುವಷ್ಟು ತೂತು.

ಅತ್ತೆ ಅವನ ಕಾಲು ಸುಟ್ಟಿತೇ ಎಂದೂ ಕೇಳಲಿಲ್ಲ. "ಯಾಕ ಉಳಿಸಿದಿ?" ಎಂದಳು.

"ಸುಟ್ಟಿದ್ರ ಮಂದಿ ಯಾರ ಹೆಸರು ಹೇಳ್ತಿದ್ರು? ನೀನ ಮೊದಲು ಹೇಳ್ತಿದ್ದಿ."

"ಹೇಳ್ತಿದ್ದೆ," ಎಂದಳು ಅತ್ತೆ.

ಮುಂದಿನ ವರ್ಷ ಸುಡುವ ಮೊದಲು ಅವಳೇ ಅವನ ಕುರಿಗಳನ್ನು ಬಣವೆಯ ಸುತ್ತ ಬಿಡಿಸಿದಳು. ಕೋಲು ಹಿಡಿದು ಕಾಯುತ್ತ ಕೂತಿದ್ದಳು, ಅದು ಬೇರೆ.

ಹೋದ ಬೇಸಿಗೆ ಊರಿಗೆ ಹೋದಾಗ ಅರ್ಧ ಗುಡ್ಡ ಕಪ್ಪಗಿತ್ತು. ಯಾರು ಹಚ್ಚಿದರೆಂದು ಬಸ್ಸಿಗೆ ಕಾಯುತ್ತಿದ್ದವನನ್ನು ಕೇಳಿದೆ. "ಯಾರಿಗ್ಗೊತ್ರಿ, ವರ್ಷಾ ಬೆಂಕಿ ಹತ್ತತದ," ಎಂದ. ಆರಿಸಲು ಯಾರೂ ಹೋಗಿರಲಿಲ್ಲವಂತೆ. ಯಾರಿಗೂ ಯಾರ ಮೇಲೂ ಗುಮಾನಿ ಇರಲಿಲ್ಲ.