ಬೂತಿನತ್ತೆಯ ‘ಇಲ್ಲೆ’

ಮೇಜಿನ ಖಾನೆಯನ್ನು ಪೂರ್ತಿ ಹೊರಗೆಳೆದು ನೆಲಕ್ಕೆ ಸುರುವಿದಾಗ, ಹಳೇ ವಯರುಗಳ ನಡುವೆ ಮೈಕಿಗೆ ತೊಡಿಸುವ ಸ್ಪಂಜಿನ ಟೊಪ್ಪಿಯೊಂದು ಬಿತ್ತು. ಬೆರಳು ತಾಗಿದ್ದೇ ಅಂಚು ಕರೀ ಪುಡಿಯಾಯಿತು. ಮೂಗಿಗೆ ಹಿಡಿದೆ. ಲವಂಗದ ವಾಸನೆ... ಇಷ್ಟು ವರ್ಷ ಸ್ಪಂಜಿನಲ್ಲಿ ಲವಂಗ ಉಳಿದಿರುವುದು ಸಾಧ್ಯವಿಲ್ಲ. ನನ್ನ ಮೂಗೇ ಅದನ್ನು ಹುಟ್ಟಿಸಿಕೊಂಡಿರಬೇಕು. ಮುಂದೆ ಬರೆಯುವುದನ್ನೂ ಅಷ್ಟೇ ನಂಬಿದರೆ ಸಾಕು.

ಕಾನಸೂರಿನ ಬಸ್ ಸ್ಟಾಪಿನ ಎದುರು ಅವಳು ವರ್ಷಗಟ್ಟಲೆ ಎಸ್‌ಟಿಡಿ ಬೂತ್ ನಡೆಸಿದ್ದಳು. ನಮ್ಮ ಪಕ್ಕದ ಮನೆಯವಳು, ನಮಗೆಲ್ಲ ಬೂತಿನತ್ತೆ. ಗಾಜಿನ ಗೂಡಿನೊಳಗೆ ನಿಂತವರ ಬೆನ್ನು ನೋಡಿಯೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿತ್ತು ಎನ್ನುತ್ತಿದ್ದಳು. ಕೊನೆಗೆ ಫೋನ್ ಹೋಯಿತು, ಗೂಡು ಉಳಿಯಿತು. ಅದರೊಳಗೆ ಖಾಲಿ ಸೋಡಾ ಕ್ರೇಟುಗಳು ಸೇರಿದವು.

ನಾನಾಗ ದೂರದ ಕಾಲೇಜೊಂದರಲ್ಲಿ ಹೊಸ ಸಂವಹನ ತಂತ್ರಜ್ಞಾನದ ಎಂ.ಟೆಕ್. ಓದುತ್ತಿದ್ದೆ, ಕೊನೆಯ ವರ್ಷ. ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗೆ ತಾನೇ ಫೋನ್ ಮಾಡಿ, ನೋವಿದೆಯೇ, ಜ್ವರವಿದೆಯೇ ಎಂದು ಕೇಳಿ, ಅವರ ಉತ್ತರವನ್ನು ಅಕ್ಷರಕ್ಕಿಳಿಸುವ ಯಂತ್ರ ನನ್ನ ಪ್ರಾಜೆಕ್ಟು. ಯಂತ್ರಕ್ಕೆ ಕಲಿಸಲು ಜನರ ದನಿ ಬೇಕಿತ್ತು, ರೆಕಾರ್ಡ್ ಮಾಡಲು ಸದ್ದಿಲ್ಲದ ಜಾಗ ಬೇಕಿತ್ತು. ಎರಡೂ ಅತ್ತೆಯ ಹತ್ತಿರ ಇದ್ದವು. ಕ್ರೇಟುಗಳನ್ನು ಹೊರಗಿಟ್ಟು ಅವಳನ್ನು ಗೂಡಿನೊಳಗೆ ಕೂರಿಸಿದೆ.

ಅವಳ ಗಂಟಲಲ್ಲಿ ಗಂಟಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುವುದು ಕಷ್ಟ ಎಂದು ಶಿರಸಿಯ ಡಾಕ್ಟರು ಹೇಳಿದ್ದರು. ಕೆನ್ನೆಯಲ್ಲಿ ಲವಂಗ ಒತ್ತಿಕೊಂಡು ನನ್ನ ರಜೆಯಿಡೀ ಯಂತ್ರದ ಪ್ರಶ್ನೆಗಳಿಗೆ ತನ್ನ ಮಾತಿನಲ್ಲೇ ಉತ್ತರ ಹೇಳಿದಳು.

“ಒಂದೇ ಮಾತು ಎಷ್ಟು ಸಲ ಹೇಳವು ತಮಾ? ನಿನ್ನ ಮಶಿನ್ನು ದಡ್ಡ ಇದ್ದು.”

“ಕಲೀತಾ ಇದ್ದು ಅತ್ತೆ.”

“ಹಂಗಾರೆ ನಿನಗಿಂತ ಅಡ್ಡಿಲ್ಲೆ.”

ಒಂದು ದಿನ ಮಾತ್ರ ನಗದೆ ಕೇಳಿದಳು: “ಎನ್ನ ದನಿ ಇದ್ರಲ್ಲಿ ಉಳಿತಾ?”

“ಉಳಿತು ಅತ್ತೆ. ಯಾವಾಗ್ಲೂ ಇರ್ತು.”

‘ಯಾವಾಗ್ಲೂ’ ಎಂದೆನೋ ಇಲ್ಲವೋ... ಎಂದೆ. ಇದೊಂದನ್ನು ಮರೆತಂತೆ ಬರೆಯುವುದು ಬೇಡ.

ಕಾಲೇಜಿಗೆ ಮರಳಿ ಗೈಡ್ ಮುಂದೆ ಯಂತ್ರ ಓಡಿಸಿದೆ. ‘ನೋವು ಇದೆಯೇ?’ ಎಂದು ಅದು ಕೇಳಿತು. ಅತ್ತೆಯ ದನಿ ‘ಇಲ್ಲೆ’ ಎಂದಿತು. ನಮ್ಮ ಮನೆಮಾತಿನಲ್ಲಿ ಹಾಗೆಂದರೆ ‘ಇಲ್ಲ’ ಎಂದು. ಪುಸ್ತಕದ ಕನ್ನಡದ ಪದಗಳಷ್ಟೇ ಗೊತ್ತಿದ್ದ ಯಂತ್ರ ಪರದೆಯ ಮೇಲೆ ‘ಇಲ್ಲೇ’ ಎಂದು ಬರೆಯಿತು.

“ಇಲ್ಲೇ ಅಂದ್ರ ಎಲ್ರೀ? ಹೊಟ್ಟ್ಯಾಗೋ, ತಲ್ಯಾಗೋ?” ಎಂದರು ಗೈಡ್. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

“ಈ ದನಿ ತಗದ್ ಬಿಡ್ರಿ. ಸರಿಯಾದ ಕನ್ನಡ ಮಾತಾಡೋರನ್ನ ಹುಡುಕ್ರಿ.” ಅದನ್ನು ಅವರು ಹೇಳಿದ್ದೂ ತಮ್ಮ ಊರಿನ ಕನ್ನಡದಲ್ಲೇ.

‘ಇಲ್ಲೆ’ ಎಂದರೂ ‘ಇಲ್ಲ’ ಎಂದೇ ಅರ್ಥ ಎಂದು ಯಂತ್ರಕ್ಕೆ ಕಲಿಸಬಹುದಿತ್ತು. ಕೆಲವು ವಾರಗಳ ಕೆಲಸ. ಪ್ರಬಂಧ ಒಪ್ಪಿಸುವ ದಿನ ಅದಕ್ಕಿಂತ ಹತ್ತಿರವಿತ್ತು. ಅವಳ ದನಿ ತೆಗೆದೆ. ಯಂತ್ರದ ತಪ್ಪು ಕಡಿಮೆಯಾಯಿತು, ನನಗೆ ಒಳ್ಳೆಯ ಅಂಕ ಬಂತು. ಡಿಸ್ಕಿನಲ್ಲಿ ಜಾಗ ಸಾಲದೆ ಅವಳ ದನಿಯಿದ್ದ ಫೋಲ್ಡರನ್ನೇ ಅಳಿಸಿದ್ದು ಅದೇ ವಾರವೋ, ಮುಂದಿನ ತಿಂಗಳೋ... ಒತ್ತಿದ ಬೆರಳು ನನ್ನದು.

ಆಪರೇಷನ್ನಿನ ನಂತರ ಅತ್ತೆ ಪಾಟಿಯ ಮೇಲೆ ಬರೆದು ಮಾತಾಡುತ್ತಿದ್ದಳು. ನೋಡಲು ಹೋದಾಗ ‘ಕೇಳಿಸು’ ಎಂದು ಬರೆದು ನನ್ನ ಮುಖದ ಮುಂದೆ ಹಿಡಿದಳು.

“ಕಾಲೇಜಲ್ಲಿದ್ದು ಅತ್ತೆ. ಮುಂದಿನ ಸಲ ತರ್ತೆ.”

ಪಾಟಿ ಒರೆಸಿ, ತಲೆಯಾಡಿಸಿ ನಕ್ಕಳು. ಆಮೇಲೆ ಊರಿಗೆ ಬಂದಾಗಲೆಲ್ಲ ನಾನು ಒಂದು ಸ್ಟಾಪ್ ಮೊದಲೇ ಇಳಿದು, ಹಿಂದಿನ ದಾರಿಯಿಂದ ಮನೆ ಸೇರಿದೆ. ಬೆನ್ನು ನೋಡಿ ಸುದ್ದಿ ಹೇಳುವವಳ ಕಣ್ಣಿಗೆ ಬೀಳಬಾರದಿತ್ತು.

ಅತ್ತೆ ಹೋದದ್ದು ಈ ವರ್ಷ. ಕಳೆದ ವಾರ ಅವಳ ಮಗಳು, ಯಲ್ಲಾಪುರದ ಅಕ್ಕ, ಫೋನ್ ಮಾಡಿದಳು. “ಆಯಿ ದನಿ ನಿನ್ನ ಹತ್ರ ಇದ್ದಡ ತಮಾ. ಪಾಟಿ ಮೇಲೆ ಬರೆದು ತೋರ್ಸಿತ್ತು. ಎಂಗಳ ಹತ್ರ ಒಂದು ಮಾತೂ ಇಲ್ಲೆ.” ಹುಡುಕುತ್ತೇನೆ ಎಂದೆ. ಇಲ್ಲವೆಂದು ಗೊತ್ತಿದ್ದೂ ಖಾನೆ ಸುರುವಿದ್ದು ಆ ಮಾತಿಗಾಗಿ. ಸಿಕ್ಕಿದ್ದು ಸ್ಪಂಜು, ಮತ್ತು ನನ್ನ ಪ್ರಬಂಧದ ಪ್ರತಿ. ಅದರಲ್ಲಿನ ಯಂತ್ರದ ತಪ್ಪುಗಳ ಪಟ್ಟಿಯಲ್ಲಿ ಅತ್ತೆಯದೊಂದು ಸಾಲಿದೆ: ಆಡಿದ್ದು ‘ಇಲ್ಲೆ’, ಬರೆದದ್ದು ‘ಇಲ್ಲೇ’. ಹೆಸರಿಲ್ಲ. ‘ಹಿರಿಯ ಮಹಿಳೆ’ ಎಂದಷ್ಟೇ ಇದೆ.

ಇವತ್ತು ಬೆಳಿಗ್ಗೆ ಅಕ್ಕ ಮತ್ತೆ ಫೋನ್ ಮಾಡಿದಳು.

“ಸಿಕ್ಚಾ ತಮಾ?”

ಡಿಸ್ಕು ಹಾಳಾಯಿತು, ಕಾಲೇಜಿನವರು ಕಳೆದರು... ಹೇಳಲು ಸಿದ್ಧಮಾಡಿಕೊಂಡದ್ದು ಬಹಳವಿತ್ತು.

“ಇಲ್ಲೆ,” ಎಂದೆ.

ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು.