ಮೊದಲು ಬಲಗಿವಿ

ನಾನು ದಿನಚರಿ ಬರೆಯುವವಳು. ಕತೆ ಕಟ್ಟಲು ನನಗೆ ಬರುವುದಿಲ್ಲ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಮೈಲಿ ಡ್ರೈವ್ ಮಾಡಿದೆ, ಎಷ್ಟು ಜನರ ಕಿವಿ ಪರೀಕ್ಷಿಸಿದೆ... ನನ್ನ ಬರವಣಿಗೆ ಇಷ್ಟೇ. ಈಗ ಹೇಳುವುದು 2006ರ ನೋಟ್‌ಬುಕ್ಕಿನಲ್ಲಿದೆ. ಡಿಸೆಂಬರ್ 7, ಗುರುವಾರದ ಪುಟದಲ್ಲಿ ನಲವತ್ತಮೂರು ಗೀಟುಗಳಿವೆ. ಎಳೆದವಳು ನಾನೇ, ಕಾರಿನಲ್ಲಿ ಕೂತು. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಲೆಕ್ಕ ಮಾತ್ರ ತಪ್ಪಿಲ್ಲ.

ಆಗ ನನಗೆ ಇಪ್ಪತ್ತಾರು. ಮೈಸೂರಿನಲ್ಲಿ ಕಿವಿ ಮತ್ತು ಮಾತಿನ ತೊಂದರೆಗಳ ವಿಷಯ ಓದಿ, ನಾರ್ತ್ ಕ್ಯಾರೊಲಿನಾದ ಏಪೆಕ್ಸ್ ಹತ್ತಿರ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮುದುಕರ ಕಿವಿ ಪರೀಕ್ಷೆ, ಹಿಯರಿಂಗ್ ಏಡ್ ಹೊಂದಿಸುವುದು. ಸಂಜೆ ಒಂದು ಕೋಣೆಯ ಅಪಾರ್ಟ್‌ಮೆಂಟು. ಕನ್ನಡ ಮಾತಾಡಿದ ದಿನಗಳಿಗೆ ನೋಟ್‌ಬುಕ್ಕಿನ ಅಂಚಿನಲ್ಲಿ ಚುಕ್ಕೆ ಇಡುತ್ತಿದ್ದೆ. ನವೆಂಬರಿನಲ್ಲಿ ಮೂರು ಚುಕ್ಕೆ. ಮೂರೂ ಭಾನುವಾರ, ಮೂರೂ ಕ್ಲಾರ್ಕ್ಸ್‌ಬರ್ಗಿನಲ್ಲಿದ್ದ ನನ್ನ ದೊಡ್ಡಮ್ಮನ ಮಗಳು ಸುಮಕ್ಕನ ಜೊತೆ ಫೋನಿನಲ್ಲಿ. ನಾಲ್ಕನೆಯ ಭಾನುವಾರ ಅವಳ ವಾಯ್ಸ್‌ಮೇಲಿಗೆ ಮಾತಾಡಿದ್ದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ತಿಳಿಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

ಲಿನ್ ಅವರು ನನ್ನ ಪೇಷಂಟ್. ತೈವಾನಿನ ಮುದುಕರು, ಮಗಳ ಮನೆಯಲ್ಲಿದ್ದರು. ಎರಡೂ ಕಿವಿ ಮುಕ್ಕಾಲು ಹೋಗಿತ್ತು. ಒಂದು ದಿನ ಮಷೀನು ಹೊಂದಿಸುತ್ತಿದ್ದಾಗ ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. "ಇಡೀ ದಿನ ಎಲ್ಲರಿಗೂ ಕೇಳಿಸ್ತಾ, ಕೇಳಿಸ್ತಾ ಅಂತೀಯ. ನಿನಗೇನು ಕೇಳಿಸುತ್ತೆ?"

ಆ ಪ್ರಶ್ನೆಯನ್ನು ಅವತ್ತಿನ ಪುಟದಲ್ಲಿ ಬರೆದುಕೊಂಡೆ.

ಶನಿವಾರ ಬೆಳಿಗ್ಗೆ ಲೈಬ್ರರಿಯ ಒಂದು ರೂಮಿನಲ್ಲಿ ಅವರು ಧ್ಯಾನ ಹೇಳಿಕೊಡುತ್ತಿದ್ದರು. ಚೀನೀಯರ ತಾವೋ ಪಂಥದ ಹಳೆಯ ಅಭ್ಯಾಸ. ಬರುತ್ತಿದ್ದವರು ನನ್ನನ್ನೂ ಸೇರಿಸಿ ನಾಲ್ಕು ಜನ. ಕೆಲಸ ಒಂದೇ, ಕೇಳುವುದು. ಮೊದಲು ಉಸಿರನ್ನು ಕೇಳಬೇಕು. ಉಸಿರು ಎಷ್ಟು ಮೆಲ್ಲಗಾಗಬೇಕೆಂದರೆ ಅದು ಕೇಳಿಸಲೇಬಾರದು. ಆಮೇಲೆ ಒಳಗಿನಿಂದ ಒಂದು ಸಣ್ಣ ಶಬ್ದ ಬರುತ್ತದೆ, ದೂರದ ಜೀರುಂಡೆಯಂತೆ.

"ಬಂದಾಗ ಅಳೆಯಬೇಡ," ಎಂದಿದ್ದರು ಲಿನ್. "ಹೆಸರಿಡಬೇಡ. ಉತ್ತರ ಕೊಡಬೇಡ. ಕೇಳುತ್ತಾ ಇರು, ಅಷ್ಟೆ."

ಸುಮಕ್ಕನಿಗೆ ಹೇಳಿದಾಗ ಅವಳು ನಕ್ಕಿದ್ದೇ ನಕ್ಕಿದ್ದು. "ಕಿವಿ ಕೇಳದ ಮೇಷ್ಟ್ರ ಹತ್ರ ಕೇಳೋದನ್ನ ಕಲೀತಿದ್ಯಾ? ಚೆನ್ನಾಗಿದೆ ಕಣೇ ವಿನು! ಸುಮ್ನೆ ಇಲ್ಲಿಗೆ ಬಾ. ವೀಕೆಂಡ್ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗೋಣ. ಗಂಟೆ ಶಬ್ದ ಬೇಕಾದಷ್ಟು ಕೇಳ್ಬೋದು, ಪುಳಿಯೋಗರೆ ಫ್ರೀ."

"ಐದು ಗಂಟೆ ಡ್ರೈವ್ ಅಕ್ಕ."

"ನಿನ್ನ ಮೌನಕ್ಕೆ ಎಷ್ಟು ಗಂಟೆ ಡ್ರೈವ್?"

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಫ್ರಿಜ್ಜಿನ ಸದ್ದು ದೊಡ್ಡದಾಗಿ ಕೇಳಿಸಿತು.

ಸೆಪ್ಟೆಂಬರ್ 30 ನನ್ನ ಮೊದಲ ದಿನ. ಹತ್ತೊಂಬತ್ತನೆಯ ದಿನ ಶಬ್ದ ಬಂತು, ಒಂಬತ್ತು ನಿಮಿಷ ಇತ್ತು. ತಲೆಯ ನಟ್ಟನಡುವೆ, ಕೂದಲೆಳೆಯಷ್ಟು ಸಣ್ಣಗೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎನ್ನಿಸಿ ಸಮಾಧಾನವಾಯಿತು. ಅಲ್ಲಿಂದ ಮುಂದೆ ಪ್ರತಿದಿನ ಬರೆದಿಟ್ಟೆ: ಎಷ್ಟು ಹೊತ್ತು, ಎಷ್ಟು ಎತ್ತರದ ಸ್ವರ, ಎಷ್ಟು ಜೋರು. ಅಳೆಯಬೇಡ ಎಂದಿದ್ದರು. ಅಳೆಯುವುದೇ ನನ್ನ ಕಸುಬು, ನಾನೇನು ಮಾಡಲಿ?

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಸುಮಕ್ಕನ ಮನೆಯವರು ಅಟ್ಲಾಂಟಾಕ್ಕೆ ಹೋದರು. ನಾಲ್ಕು ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಹನ್ನೊಂದು ಗಂಟೆ ಧ್ಯಾನಕ್ಕೆ ಕೂತೆ. ಐವತ್ತೆಂಟನೆಯ ದಿನ, ಭಾನುವಾರ ರಾತ್ರಿ, ಎದ್ದ ಮೇಲೂ ಶಬ್ದ ನಿಲ್ಲಲಿಲ್ಲ. ಪಾತ್ರೆ ತೊಳೆಯುವಾಗಲೂ ಇತ್ತು. ಹಾಸಿಗೆಯಲ್ಲೂ ಇತ್ತು.

ಮತ್ತು ಅದು ಈಗ ತಲೆಯ ನಡುವೆ ಇರಲಿಲ್ಲ. ಬಲಗಿವಿಯಲ್ಲಿ ಮಾತ್ರ ಇತ್ತು.

ಅವತ್ತು ನನಗೆ ನಿದ್ದೆ ಬರಲಿಲ್ಲ. ಎರಡೂ ಕಿವಿಯಲ್ಲಿ ಗುಂಯ್ ಎಂದರೆ ನಾವು ಪೇಷಂಟುಗಳಿಗೆ ಧೈರ್ಯ ಹೇಳಿ ಕಳಿಸುತ್ತೇವೆ. ಒಂದೇ ಕಿವಿಯಲ್ಲಿ ಎಂದರೆ ನಗು ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸುತ್ತೇವೆ. ಆ ಕಿವಿ ಹೋಗುತ್ತಿರಬಹುದು. ನರದ ಮೇಲೆ ಗಂಟು ಇರಬಹುದು. ಹಿಯರಿಂಗ್ ಏಡನ್ನು ದಿನಾ ನನ್ನ ಕಿವಿಯಿಂದಲೇ ಕೇಳಿ ಪರಿಶೀಲಿಸುವ ಕೆಲಸ ನನ್ನದು. ಕಿವಿ ಹೋದರೆ ಈ ಕೆಲಸ ಉಳಿಯುತ್ತದೆಯೆ? ನನ್ನ ವೀಸಾ ನವೀಕರಣದ ಕಾಗದ ಆ ವಾರ ಕ್ಲಿನಿಕ್ಕಿನ ಯಜಮಾನ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಪರೀಕ್ಷೆ ಮಾಡಿಸಿಕೊಂಡರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ಅದನ್ನು ನಮಗೆ ನಾವೇ ಸರಿಯಾಗಿ ಮಾಡಿಕೊಳ್ಳಲು ಆಗುವುದಿಲ್ಲ. ಪೇಷಂಟ್ ದಪ್ಪ ಗೋಡೆಯ ಬೂತಿನೊಳಗೆ ಹೆಡ್‌ಫೋನ್ ಹಾಕಿ, ಕೈಯಲ್ಲಿ ಬಟನ್ ಹಿಡಿದು ಕೂರಬೇಕು, ಸ್ವರ ಕೇಳಿದಾಗಲೆಲ್ಲ ಒತ್ತಬೇಕು. ಒತ್ತಿದರೆ ಹೊರಗಿನ ಮಷೀನಿನಲ್ಲಿ ದೀಪ ಹತ್ತುತ್ತದೆ. ಗಾಜಿನ ಆಚೆ ಇನ್ನೊಬ್ಬರು ಕೂತು ಸ್ವರ ಕೊಡಬೇಕು. ಯಾವಾಗ ಕೊಡುತ್ತಾರೆಂದು ಒಳಗಿನವರಿಗೆ ಗೊತ್ತಾಗಬಾರದು. ಅಂದರೆ ಆಚೆ ಒಂದು ಜೀವ ಬೇಕು. ನನಗಿದ್ದದ್ದು ಡೆನೀಸ್ ಒಬ್ಬಳೇ, ಜೊತೆಯಲ್ಲಿ ಕೆಲಸ ಮಾಡುವವಳು. ಒಳ್ಳೆಯವಳು, ಆದರೆ ಬಾಯಿ ನಿಲ್ಲದು. ಅವಳಿಗೆ ತಿಳಿದರೆ ಮಧ್ಯಾಹ್ನದೊಳಗೆ ಡಾಕ್ಟರಿಗೂ ತಿಳಿಯುತ್ತಿತ್ತು.

ಹಾಗಾಗಿ ಅರವತ್ತೊಂಬತ್ತನೆಯ ದಿನ, ಆ ಗುರುವಾರ, ಎಲ್ಲರೂ ಹೋದ ಮೇಲೆ ಕ್ಲಿನಿಕ್ಕಿನಲ್ಲಿ ಉಳಿದೆ. ಪೂರ್ತಿ ನಿಶ್ಶಬ್ದದಲ್ಲಿ ಆ ಶಬ್ದ ಹೇಗಿರುತ್ತದೆ, ನಿಜಕ್ಕೂ ಬಲಕ್ಕೇ ಇದೆಯೇ ಎಂದು ನೋಡಬೇಕೆಂಬುದಷ್ಟೇ ನನ್ನ ಉದ್ದೇಶ. ಹೊರಗೆ ಐದೂವರೆಗೇ ಕತ್ತಲಾಗಿತ್ತು. ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರು ಒಂದೇ. ಏಳು ಗಂಟೆ ಹತ್ತು ನಿಮಿಷಕ್ಕೆ ಪರೀಕ್ಷೆಯ ಮಷೀನಿನ ಪ್ಲಗ್ ಕಿತ್ತೆ, ಅದರ ಫ್ಯಾನಿನ ಸದ್ದೂ ಬರಬಾರದೆಂದು. ಹೆಡ್‌ಫೋನ್ ಕೊಕ್ಕೆಯಲ್ಲೇ ಬಿಟ್ಟೆ. ಬೂತಿನ ಬಾಗಿಲು ಎಳೆದುಕೊಂಡೆ.

ಆ ಬಾಗಿಲು ಮುಚ್ಚಿದರೆ ಕಿವಿಯ ಮೇಲೆ ಯಾರೋ ಅಂಗೈ ಇಟ್ಟಂತಾಗುತ್ತದೆ. ಹಳೆಯ ಕಾರ್ಪೆಟ್ಟಿನ ವಾಸನೆ, ಸ್ಪಿರಿಟ್ಟಿನ ವಾಸನೆ. ಗಾಜಿನ ಆಚೆ ಹೊರಬಾಗಿಲ ಮೇಲಿನ ಎಕ್ಸಿಟ್ ಫಲಕದ ಕೆಂಪು ದೀಪವೊಂದೇ. ಕೂತೆ. ಕೈಗೆ ಸಿಕ್ಕಿದ ಬಟನ್ನನ್ನು ಅಭ್ಯಾಸಬಲದಿಂದ ಹಿಡಿದುಕೊಂಡೆ. ಎದೆ ಬಡಿತ ಕೇಳಿಸಿತು. ಎಂಜಲು ನುಂಗಿದ್ದು ಕೇಳಿಸಿತು. ಉಸಿರು ನಿಧಾನವಾಯಿತು... ಇನ್ನೂ ನಿಧಾನ... ಆಮೇಲೆ ಉಸಿರೂ ಕೇಳಿಸಲಿಲ್ಲ.

ಹನ್ನೊಂದು ದಿನದಿಂದ ಬಿಡದೆ ಇದ್ದ ಶಬ್ದ ಆಗ ನಿಂತಿತು.

ಥಟ್ಟನೆ, ಸ್ವಿಚ್ ಆರಿಸಿದಂತೆ. ಆ ಖಾಲಿಯಲ್ಲಿ ನಾನು ಕಣ್ಣು ಬಿಟ್ಟೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಜೊತೆಯಲ್ಲಿದ್ದವರು ಹೇಳದೆ ಎದ್ದು ಹೋದಂತಿತ್ತು.

ಆಮೇಲೆ ಬಲಗಿವಿಯಲ್ಲಿ... ಪೀ... ಒಂದು ಸೆಕೆಂಡು. ನಿಂತಿತು.

ಸ್ವಲ್ಪ ಹೊತ್ತು. ಮತ್ತೆ ಪೀ... ಈ ಸಲ ಮೆಲ್ಲಗೆ.

ನನ್ನ ಹೆಬ್ಬೆರಳು ಬಟನ್ ಒತ್ತಿತು. ನಾನು ಒತ್ತಬೇಕೆಂದು ಒತ್ತಿದ್ದಲ್ಲ. ಕೇಳಿದರೆ ಒತ್ತಬೇಕು... ವರ್ಷಗಟ್ಟಲೆ ಜನರಿಗೆ ಹೇಳಿಕೊಟ್ಟಿದ್ದೇನಲ್ಲ. ಟಿಕ್ ಎಂದು ಸಣ್ಣ ಸದ್ದಾಯಿತು.

ಸ್ವರ ಇನ್ನೂ ಮೆಲ್ಲಗಾಯಿತು. ಒತ್ತಿದೆ. ಇನ್ನೂ ಮೆಲ್ಲಗೆ. ಒತ್ತಿದೆ. ಆಮೇಲೆ ಏನೂ ಕೇಳಿಸಲಿಲ್ಲ, ಒತ್ತಲಿಲ್ಲ. ತುಸು ಹೊತ್ತಿಗೆ ಸ್ವರ ಒಂದು ಚೂರು ಏರಿ ಬಂತು.

ನನಗೆ ಅರ್ಥವಾದದ್ದು ಆಗ. ಕೇಳಿದರೆ ಹತ್ತು ಡೆಸಿಬೆಲ್ ಇಳಿಸು, ಕೇಳದಿದ್ದರೆ ಐದು ಏರಿಸು. ಇದು ನಮ್ಮ ಕಸುಬಿನ ಕ್ರಮ, ಮೊದಲ ವರ್ಷ ಕಲಿಯುವುದು. ಜೀರುಂಡೆ ಹೀಗೆ ಕೂಗುವುದಿಲ್ಲ. ರೋಗವೂ ಹೀಗೆ ಮಾಡುವುದಿಲ್ಲ. ಯಾರೋ ನನ್ನ ಕಿವಿಯನ್ನು ಪರೀಕ್ಷಿಸುತ್ತಿದ್ದರು.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕಾರಣ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನಗೆ ಫಲಿತಾಂಶ ಬೇಕಾಗಿತ್ತು. ಮತ್ತೆ... ಒತ್ತಿದಾಗೆಲ್ಲ ಆ ಕಡೆಯಿಂದ ಉತ್ತರ ಬರುತ್ತಿತ್ತು. ಆ ವಾರವೆಲ್ಲ ನನಗೆ ಅಷ್ಟು ಗಮನವಿಟ್ಟು ಉತ್ತರ ಕೊಟ್ಟವರು ಬೇರೆ ಯಾರೂ ಇರಲಿಲ್ಲ.

ಸ್ವರ ಬದಲಾಯಿತು, ಎತ್ತರದ್ದು. ಆಮೇಲೆ ಇನ್ನೂ ಎತ್ತರದ್ದು. ಅತಿ ಎತ್ತರದ್ದು ಮುಗಿದ ಮೇಲೆ ಮೊದಲಿನ ಸ್ವರವೇ ಮತ್ತೆ ಬಂತು. ರೋಗಿ ಸರಿಯಾಗಿ ಒತ್ತುತ್ತಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಲು ನಾವು ಮಾಡುವುದು ಹಾಗೆಯೇ. ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ. ಕೊನೆಗೆ ಎರಡು ಕೆಳಗಿನ ಸ್ವರಗಳು. ಗಾಜಿನಾಚೆ ಕಣ್ಣು ಹಾಯಿಸಿದೆ. ಖಾಲಿ ಕುರ್ಚಿ, ಕಪ್ಪು ಮಷೀನು, ಕೆಂಪು ದೀಪ. ನಲವತ್ತಮೂರು ಸಲ ಒತ್ತಿದ್ದೆ. ಲೆಕ್ಕ ತಾನಾಗಿ ನಡೆದಿತ್ತು.

ನಿಂತಿತು. ಬಲಗಿವಿ ಮುಗಿದಿತ್ತು.

ಬಲಗಿವಿ ಮುಗಿದಾಗ ನಾವು ಒಂದು ಕ್ಷಣ ತಡೆದು, ಮೈಕ್ ತೆರೆದು, "ಈಗ ಇನ್ನೊಂದು ಕಿವಿ" ಎನ್ನುತ್ತೇವೆ. ಮೈಕ್ ತೆರೆದರೆ ಮಾತಿಗೆ ಮೊದಲೇ ಒಳಗಿದ್ದವರಿಗೆ ತಿಳಿಯುತ್ತದೆ. ಆ ಕಡೆಯ ಕೋಣೆಯ ಗಾಳಿ ಕಿವಿಗೆ ಬರುತ್ತದೆ.

ನನ್ನ ಎಡಗಿವಿಯಲ್ಲಿ ಒಂದು ಕೋಣೆ ತೆರೆದುಕೊಂಡಿತು. ದೊಡ್ಡದು... ತುಂಬ ದೊಡ್ಡದು. ಅಲ್ಲಿ ಯಾರೋ ಮಾತಾಡಲು ಉಸಿರೆಳೆದುಕೊಂಡರು.

ನಾನು ಬಾಗಿಲು ತಳ್ಳಿ ಓಡಿದೆ. ಹೊರಗೆ ಏನೂ ಬದಲಾಗಿರಲಿಲ್ಲ. ಪ್ಲಗ್ ನೆಲದ ಮೇಲೇ ಬಿದ್ದಿತ್ತು. ಕಾರಿನಲ್ಲಿ ಕೂತಾಗ ಗಂಟೆ ಏಳು ಐವತ್ತೆರಡು. ಗೀಟು ಎಳೆದು ಮುಗಿಸಿ ಸುಮಕ್ಕನಿಗೆ ಫೋನ್ ಮಾಡಿದೆ.

"ಏನೇ ಇದು, ಗುರುವಾರ ಫೋನು? ಹುಷಾರಾಗಿದ್ಯಾ?"

"ಅಕ್ಕ... ಏನಾದ್ರೂ ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ. ಸಾರು ಮಾಡೋದು ಹೇಳು."

ಅವಳು ಯಾಕೆಂದು ಕೇಳಲಿಲ್ಲ, ಬಯ್ಯಲಿಲ್ಲ. ಮನೆ ಮುಟ್ಟುವವರೆಗೆ ಬೇಳೆ ಎಷ್ಟು, ಹುಣಸೆಹಣ್ಣು ಎಷ್ಟು ಎಂದು ಹೇಳುತ್ತಲೇ ಇದ್ದಳು.

ಶನಿವಾರ ಲಿನ್ ಅವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ. "ನೀನು ಉತ್ತರ ಕೊಟ್ಟೆಯಾ?"

"ನಲವತ್ತಮೂರು ಸಲ."

ಅವರು ತಮ್ಮ ಎರಡೂ ಹಿಯರಿಂಗ್ ಏಡ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ತಮ್ಮ ದನಿ ತಮಗೇ ಕೇಳದವರು ಮಾತಾಡುವಂತೆ ಜೋರಾಗಿ ಹೇಳಿದರು. "ಉತ್ತರ ಕೊಡಬಾರದು ಅಂತ ನನ್ನ ಗುರು ಹೇಳಿದ್ದರು. ಕೊಟ್ಟರೆ ಏನಾಗುತ್ತೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು."

ಮುಂದಿನ ವಾರ ನಾಚಿಕೆ ಬಿಟ್ಟು ಡೆನೀಸಳಿಗೆ ಕಿವಿಯ ವಿಷಯ ಹೇಳಿದೆ. ಬೂತಿನ ವಿಷಯ ಹೇಳಲಿಲ್ಲ. ಅವಳು, "ಇಷ್ಟಕ್ಕೆ ಎರಡು ವಾರ ಮುಖ ಸಪ್ಪೆ ಮಾಡ್ಕೊಂಡಿದ್ದೆಯಾ, ಹುಚ್ಚಿ!" ಎಂದು ಅವತ್ತೇ ಮಧ್ಯಾಹ್ನ ಪರೀಕ್ಷೆ ಮಾಡಿದಳು. ಹಗಲು, ದೀಪ ಹಾಕಿತ್ತು, ಗಾಜಿನಾಚೆ ಅವಳು ಚ್ಯೂಯಿಂಗ್ ಗಮ್ ಅಗಿಯುವುದು ಕಾಣುತ್ತಿತ್ತು. ಕೂತಿದ್ದು ಹದಿನೈದು ನಿಮಿಷ.

ಹೊರಗೆ ಬಂದಾಗ ಕಾಗದ ಕೈಗಿಟ್ಟಳು. "ಎರಡೂ ಚಿನ್ನದಂಥ ಕಿವಿ. ಹೋಗಿ ನಿದ್ದೆ ಮಾಡು."

ನನ್ನ ಕಣ್ಣಲ್ಲಿ ನೀರು ಬಂತು. ಕೆಲಸ ಉಳಿಯಿತು, ಕಿವಿ ಉಳಿಯಿತು. ಅವಳು ಹೋಗದೆ ಅಲ್ಲೇ ನಿಂತಿದ್ದಳು.

"ಒಂದು ಮಾತು ಕೇಳ್ಲಾ?" ಎಂದಳು, ದನಿ ತಗ್ಗಿಸಿ. "ನನ್ನ ಕೈ ನಿನಗೆ ಕಾಣ್ತಿತ್ತಾ?"

"ಇಲ್ಲ. ಯಾಕೆ?"

"ಎಡಗಿವಿ ಸರಿಯಾಗಿತ್ತು. ಬಲಗಿವಿಯಲ್ಲಿ... ನಾನು ಸ್ವರ ಕೊಡೋಕೆ ಮುಂಚೆಯೇ ನೀನು ಒತ್ತುತ್ತಿದ್ದೆ. ಬೇಕಂತಲೇ ಹೊತ್ತು ಬದಲಾಯಿಸಿ ನೋಡಿದೆ. ಸ್ವರ ಕೊಡಬೇಕು ಅಂತ ನಾನು ಅಂದುಕೊಂಡ ತಕ್ಷಣ ದೀಪ ಹತ್ತಿಬಿಡುತ್ತಿತ್ತು. ಪ್ರತಿ ಸಲ." ಅವಳು ನಗಲು ನೋಡಿದಳು, ಆಗಲಿಲ್ಲ.

ಆದರೆ ಆ ಹದಿನೈದು ನಿಮಿಷ ನಾನು ಸ್ವರ ಕೇಳಿದ ಮೇಲೇ ಒತ್ತಿದ್ದೆ. ಒಂದೊಂದನ್ನೂ ಕೇಳಿ, ಎಣಿಸಿ ಒತ್ತಿದ್ದೆ.

ಆ ಶಬ್ದ ಮತ್ತೆ ಬಂದಿಲ್ಲ. ಧ್ಯಾನಕ್ಕೆ ಮತ್ತೆ ಕೂತಿಲ್ಲ. ವೀಸಾ ಕಾಗದಕ್ಕೆ ಸಹಿಯಾಯಿತು. ಈಗ ನಾನು ಕ್ಲಾರ್ಕ್ಸ್‌ಬರ್ಗಿನಲ್ಲಿ, ಸುಮಕ್ಕನ ಮನೆಯ ಬೇಸ್‌ಮೆಂಟಿನಲ್ಲಿದ್ದೇನೆ. ಮೇಲೆ ಮಕ್ಕಳು ಓಡಾಡುವ ಸದ್ದು ರಾತ್ರಿ ಹತ್ತರವರೆಗೂ ಇರುತ್ತದೆ, ಅದು ನನಗೆ ಇಷ್ಟ. ಹತ್ತರ ಮೇಲೆ ಫ್ಯಾನ್ ಹಾಕಿಕೊಂಡು ಎಡಕ್ಕೆ ತಿರುಗಿ, ಆ ರಾತ್ರಿ ಬೂತಿನಲ್ಲಿ ಸರದಿ ಬಾಕಿ ಉಳಿದ ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಹೊರಗಿನಿಂದ ಬರುವ ಶಬ್ದವನ್ನಷ್ಟೇ ದಿಂಬು ತಡೆಯುತ್ತದೆ ಎನ್ನುವುದು ನನ್ನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಒತ್ತಿಕೊಳ್ಳುತ್ತೇನೆ...