ಹೀಟರಿನ ಪ್ಲಗ್ ಕಿತ್ತವರು

ಕತಾರ್‌ನಲ್ಲೂ ಚಳಿ ಅಂದರೆ ಊರಲ್ಲಿ ನಗುತ್ತಾರೆ. ಮರುಭೂಮಿ ಸುತ್ತಿ ಅಲ್ ವುಕೈರ್‌ನ ಮನೆಗೆ ಮರಳುವಾಗ ನನ್ನವಳು ನಡುಗುತ್ತಾ ಕಾರಿನ ಹೀಟರ್ ಹಾಕಿಸಿದಳು. ಎಲೆಕ್ಟ್ರಿಕ್ ಕಾರು, ಚಾರ್ಜ್ ಕಣ್ಣೆದುರೇ ಕರಗಿತು.

ದಾರಿ ಪಕ್ಕದಲ್ಲಿ ಕತಾರಿ ಕುಟುಂಬವೊಂದು ಚಳಿಗಾಲ ಕಳೆಯಲು ಡೇರೆ ಹಾಕಿತ್ತು. ಸಂಕೋಚದಿಂದಲೇ ಕರೆಂಟು ಕೇಳಿದೆ. ಅವರ ಜನರೇಟರ್ ಚಿಕ್ಕದು. ಯಜಮಾನರು ಡೇರೆಯಲ್ಲಿ ಮುದಿ ತಂದೆಯ ಪಕ್ಕವಿದ್ದ ಹೀಟರಿನ ಪ್ಲಗ್ ಕಿತ್ತು ನನ್ನ ಕಾರಿನದನ್ನು ಸಿಕ್ಕಿಸಿದರು.

"ಅಯ್ಯೋ ಬೇಡ, ನಿಮ್ಮ ತಂದೆಯವರಿಗೆ ಚಳಿಯಾಗುತ್ತೆ," ಎಂದೆ ಅವರಿಗೂ ಬರುತ್ತಿದ್ದ ಹಿಂದಿಯಲ್ಲಿ.

ಕಂಬಳಿ ಹೊದ್ದಿದ್ದ ಆ ಮುದುಕರೇ ಗದರಿದರು: "ಯಲ್ಲಾ, ಬಾ ಬಾ, ಕೂತ್ಕೋ!"

ಕೆಂಡದ ಸುತ್ತ ಕೂತು ಚಹಾ ಆಯಿತು, ಹರಟೆಯಾಯಿತು, ಊಟವೂ ಆಯಿತು. ಹೊರಡುವಾಗ ಮುದುಕರು ಬಾನೆಟ್ ತಟ್ಟಿದರು.

"ಒಳ್ಳೇ ಗಾಡಿ. ಪೆಟ್ರೋಲ್ ಗಾಡಿಗಳು ಚಹಾ ಮುಗಿಯೋ ಮೊದಲೇ ಅತಿಥಿಗಳನ್ನ ಎತ್ಕೊಂಡು ಹೋಗ್ತವೆ."